ಸೈಲೆನ್ಸರ್ ಬದಲಾಯ್ತು, ಇಸಿಯುಗೆ ಯಾರು ಹೇಳಿದರು?

ರಾಯಲ್ ಎನ್‌ಫೀಲ್ಡ್‌ನ ಇಂಟರ್‌ಸೆಪ್ಟರ್ 650 ಬೈಕ್ ಕೊಂಡವರಲ್ಲಿ ಎಷ್ಟೋ ಮಂದಿ ಮೊದಲ ಸರ್ವಿಸ್‌ಗೂ ಮುಂಚೆಯೇ ಕಂಪನಿಯ ಸೈಲೆನ್ಸರ್ ಬಿಚ್ಚಿ ಅಟ್ಟಕ್ಕೆ ಹಾಕಿರುತ್ತಾರೆ. ಹೊಸದು ಹಗುರ, ನೋಡಲು ಚಂದ. 270 ಡಿಗ್ರಿ ಕ್ರ್ಯಾಂಕ್‌ನ ಆ ಏರುಪೇರಿನ ಗುಡುಗು ಈಗ ಚೆನ್ನಾಗಿ ಕೇಳಿಸುತ್ತದೆ. ಒಂದೆರಡು ವಾರ ಕಳೆಯುತ್ತಿದ್ದಂತೆ ತಲೆಗೆ ಹುಳ ಬಿಡುವವರು ಸಿಗುತ್ತಾರೆ. "ರೀಮ್ಯಾಪ್ ಮಾಡಿಸಿಲ್ವಾ? ಲೀನ್ ಆಗಿ ಎಂಜಿನ್ ಸುಟ್ಟುಹೋಗುತ್ತೆ" ಎಂದು ಒಬ್ಬರು. "ಇಂಜೆಕ್ಷನ್ ಗಾಡಿ ಅಲ್ವಾ, ತಾನೇ ಅಡ್ಜಸ್ಟ್ ಆಗುತ್ತೆ ಬಿಡಿ" ಎಂದು ಇನ್ನೊಬ್ಬರು. (ಲೀನ್ ಎಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ರೀಮ್ಯಾಪ್ ಎಂದರೆ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್ ಇಸಿಯುವಿನಲ್ಲಿರುವ ಪೆಟ್ರೋಲ್ ಲೆಕ್ಕವನ್ನು ತಿದ್ದುವುದು.) ಇಬ್ಬರೂ ಹೇಳುವುದು ಅರ್ಧ ಸರಿ. ಯಾರ ಮಾತು ಯಾವಾಗ ಸರಿ ಎನ್ನುವುದು ನೀವು ಹಾಕಿದ ಸೈಲೆನ್ಸರ್‌ನ ಬ್ರ್ಯಾಂಡ್ ನೋಡಿ ತೀರ್ಮಾನವಾಗುವುದಿಲ್ಲ. ಎಂಜಿನ್ ಯಾವ ಹೊತ್ತಿನಲ್ಲಿ ಸೆನ್ಸರ್ ಮಾತು ಕೇಳುತ್ತದೆ, ಯಾವ ಹೊತ್ತಿನಲ್ಲಿ ಕಿವಿ ಮುಚ್ಚಿಕೊಂಡು ಓಡುತ್ತದೆ ಎನ್ನುವುದರ ಮೇಲೆ ತೀರ್ಮಾನವಾಗುತ್ತದೆ.

ಮೊದಲು ಲೆಕ್ಕ ನೋಡೋಣ. ಈ ಬೈಕಿನದು 648 ಸಿಸಿ, ಎರಡು ಸಿಲಿಂಡರ್. ಒಂದೊಂದರ ಪಾಲಿಗೆ 324 ಸಿಸಿ. ಸಿಲಿಂಡರ್ ಪೂರ್ತಿ ತುಂಬಿತು ಅಂದುಕೊಂಡರೆ ಸಮುದ್ರಮಟ್ಟದಲ್ಲಿ ಅದರೊಳಗಿನ ಗಾಳಿಯ ತೂಕ ಹೆಚ್ಚುಕಡಿಮೆ 0.39 ಗ್ರಾಂ. ಒಂದು ಪಾಲು ಶುದ್ಧ ಪೆಟ್ರೋಲ್ ಸರಿಯಾಗಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಹಾಗಾಗಿ ಆ ಒಂದು ಹೊಡೆತಕ್ಕೆ ಬೇಕಾದ ಪೆಟ್ರೋಲ್ ಸುಮಾರು 26 ಮಿಲಿಗ್ರಾಂ. 6,000 ಆರ್‌ಪಿಎಂನಲ್ಲಿ ಇದು ಪ್ರತಿ ಸಿಲಿಂಡರ್‌ನಲ್ಲಿ ಸೆಕೆಂಡಿಗೆ 50 ಸಲ ನಡೆಯಬೇಕು. ಪ್ರತಿ ಸಲವೂ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕು ಎಂದು ಇಸಿಯು ನಿರ್ಧರಿಸಬೇಕು.

ವಿಚಿತ್ರವೆಂದರೆ, ಒಳಗೆ ಎಷ್ಟು ಗಾಳಿ ಬಂತು ಎಂದು ಹೆಚ್ಚಿನ ಬೈಕುಗಳ ಇಸಿಯು ಅಳೆಯುವುದೇ ಇಲ್ಲ. ಕಾರುಗಳಲ್ಲಿ ಕಾಣುವ ಗಾಳಿ ಅಳೆಯುವ ಮೀಟರ್ ಬೈಕಿನಲ್ಲಿ ಇರುವುದು ಅಪರೂಪ. ಇಸಿಯುಗೆ ಗೊತ್ತಿರುವುದು ಆರ್‌ಪಿಎಂ, ಥ್ರಾಟಲ್ ಎಷ್ಟು ತೆರೆದಿದೆ, ಇನ್‌ಟೇಕ್‌ನ ಒತ್ತಡ, ಗಾಳಿಯ ಉಷ್ಣತೆ, ಎಂಜಿನ್‌ನ ಉಷ್ಣತೆ. ಇವನ್ನು ಇಟ್ಟುಕೊಂಡು ಅದು ಒಂದು ಕೋಷ್ಟಕದಲ್ಲಿ ಉತ್ತರ ಹುಡುಕುತ್ತದೆ. ಮಗ್ಗಿ ಬಾಯಿಪಾಠ ಮಾಡಿದ ಹುಡುಗ "ಏಳೆಂಟ್ಲಿ?" ಎಂದರೆ ಲೆಕ್ಕ ಮಾಡದೆ "ಐವತ್ತಾರು" ಎನ್ನುವ ಹಾಗೆ, 4,000 ಆರ್‌ಪಿಎಂ, ಕಾಲು ಥ್ರಾಟಲ್ ಎಂದ ತಕ್ಷಣ ಇಷ್ಟು ಪೆಟ್ರೋಲ್ ಎಂದು ಹೇಳಿಬಿಡುತ್ತದೆ. ಮ್ಯಾಪ್ ಎಂದು ಎಲ್ಲರೂ ಕರೆಯುವುದು ಈ ಕೋಷ್ಟಕವನ್ನೇ.

ಆ ಕೋಷ್ಟಕ ತುಂಬಿದ್ದು ಕಂಪನಿಯ ಪರೀಕ್ಷಾ ಕೇಂದ್ರದಲ್ಲಿ, ಕಂಪನಿಯದೇ ಸೈಲೆನ್ಸರ್ ಹಾಕಿಟ್ಟು. ನೀವು ಸೈಲೆನ್ಸರ್ ಬದಲಿಸಿದಾಗ ಅದೇ 4,000 ಆರ್‌ಪಿಎಂ, ಅದೇ ಕಾಲು ಥ್ರಾಟಲ್‌ನಲ್ಲಿ ಒಳಗೆ ಬರುವ ಗಾಳಿ ಮಾತ್ರ ಬೇರೆಯಾಗುತ್ತದೆ. ಇಸಿಯು ಇನ್ನೂ ಹಳೆಯ ಉತ್ತರವನ್ನೇ ಹೇಳುತ್ತಿರುತ್ತದೆ. ಕಾರ್ಬುರೇಟರ್ ಕಾಲದಲ್ಲಿ ಗಾಳಿ ಹರಿವು ಹೆಚ್ಚಿದರೆ ಅದೇ ಎಳೆತಕ್ಕೆ ಪೆಟ್ರೋಲೂ ತಕ್ಕಮಟ್ಟಿಗೆ ಹೆಚ್ಚು ಬರುತ್ತಿತ್ತು, ಸಾಲದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಒಂದು ನಂಬರ್ ದೊಡ್ಡ ಮೇನ್ ಜೆಟ್ (ಪೆಟ್ರೋಲ್ ಹಾಯುವ ತೂತಿನ ಬಿಡಿಭಾಗ) ತಂದು ಹಾಕಿದರೆ ಆಗುತ್ತಿತ್ತು. (ಇಂಜೆಕ್ಷನ್ ಬಂದ ಹೊಸತರಲ್ಲಿ ಇದರ ಮೇಲೆ ಯಾರಿಗೂ ಪೂರ್ತಿ ನಂಬಿಕೆ ಇರಲಿಲ್ಲ. 2007ರಲ್ಲಿ ಇಂಜೆಕ್ಷನ್ ಜೊತೆ ಬಂದ ಪಲ್ಸರ್ 220, 2009ರಲ್ಲಿ ಮತ್ತೆ ಕಾರ್ಬುರೇಟರ್‌ಗೇ ಮರಳಿತು.)

ಇನ್ನು, ಹಿಂದೆ ಹಾಕಿದ ಪೈಪು ಮುಂದೆ ಬರುವ ಗಾಳಿಯನ್ನು ಹೇಗೆ ಬದಲಿಸುತ್ತದೆ? "ಬ್ಯಾಕ್ ಪ್ರೆಶರ್ ಕಮ್ಮಿ ಆಯ್ತು, ಪಿಕಪ್ ಹೋಯ್ತು" ಎಂಬುದು ಎಲ್ಲ ಗ್ಯಾರೇಜಿನ ಸಿದ್ಧ ಉತ್ತರ. ಬ್ಯಾಕ್ ಪ್ರೆಶರ್ ಯಾವ ಎಂಜಿನ್‌ಗೂ ಬೇಕಾದ ವಸ್ತುವಲ್ಲ. ಎಕ್ಸಾಸ್ಟ್ ವಾಲ್ವ್ ತೆರೆದಾಗ ಹೊರನುಗ್ಗುವ ಬಿಸಿ ಗಾಳಿ ಒಂದು ಒತ್ತಡದ ಅಲೆಯನ್ನು ಪೈಪಿನುದ್ದಕ್ಕೂ ಕಳಿಸುತ್ತದೆ. ಪೈಪು ಅಗಲವಾಗುವ ಅಥವಾ ಕೊನೆಯಾಗುವ ಜಾಗದಲ್ಲಿ ಅದು ತಿರುಗಿ, ಈಗ ಎಳೆಯುವ ಅಲೆಯಾಗಿ ವಾಲ್ವ್ ಕಡೆಗೆ ವಾಪಸ್ ಬರುತ್ತದೆ. ಇನ್‌ಟೇಕ್, ಎಕ್ಸಾಸ್ಟ್ ಎರಡೂ ವಾಲ್ವ್ ಒಟ್ಟಿಗೆ ಸ್ವಲ್ಪ ತೆರೆದಿರುವ ಕ್ಷಣಕ್ಕೆ ಸರಿಯಾಗಿ ಅದು ಬಂದು ಮುಟ್ಟಿದರೆ ಸುಟ್ಟ ಗಾಳಿಯ ಕೊನೆಯ ಪಾಲನ್ನೂ ಎಳೆದುಕೊಂಡು ಹೋಗುತ್ತದೆ, ಆ ಜಾಗಕ್ಕೆ ಹೊಸ ಗಾಳಿ ತುಂಬಿಕೊಳ್ಳುತ್ತದೆ. ತಪ್ಪಾದ ಹೊತ್ತಿಗೆ ಬಂದರೆ ಉಲ್ಟಾ. ಅಲೆ ಹೋಗಿಬರುವ ಸಮಯ ಪೈಪಿನ ಉದ್ದದ ಮೇಲೆ ನಿಂತಿದೆ. ವಾಲ್ವ್ ತೆರೆಯುವ ಸಮಯ ಆರ್‌ಪಿಎಂ ಮೇಲೆ. ಆದ್ದರಿಂದ ಒಂದೇ ಪೈಪು 5,000ದಲ್ಲಿ ಲಾಭ ಕೊಟ್ಟು 3,000ದಲ್ಲಿ ಕಸಿದುಕೊಳ್ಳಬಹುದು. "ಪಿಕಪ್ ಹೋಯ್ತು" ಅನ್ನುವುದರ ಮೂಲ ಸಾಮಾನ್ಯವಾಗಿ ಇಲ್ಲಿರುತ್ತದೆ.

ಈ ಆಟದಲ್ಲಿ ಮುಖ್ಯ ಪಾತ್ರ ಎಂಜಿನ್‌ನಿಂದ ಹೊರಡುವ ಬೆಂಡ್ ಪೈಪಿನದು. ಹಿಂಭಾಗದ ಮಫ್ಲರ್ ಮಾತ್ರ ಬದಲಿಸುವ ಸ್ಲಿಪ್-ಆನ್‌ನಿಂದ ಗಾಳಿಯ ಲೆಕ್ಕ ಅಲ್ಪಸ್ವಲ್ಪ ಏರುಪೇರಾಗುತ್ತದೆ. ಬೆಂಡ್ ಪೈಪಿನಿಂದ ಹಿಡಿದು ಪೂರ್ತಿ ಸಿಸ್ಟಮ್ ಬದಲಿಸಿ, ಹೊಗೆ ಶುದ್ಧಗೊಳಿಸುವ ಕ್ಯಾಟ್‌ಕಾನ್ (ಕ್ಯಾಟಲಿಟಿಕ್ ಕನ್ವರ್ಟರ್) ತೆಗೆದು, ಅದರ ಜೊತೆಗೆ ಏರ್ ಫಿಲ್ಟರನ್ನೂ ಬದಲಿಸಿದರೆ ಕಥೆಯೇ ಬೇರೆ.

ಈಗ "ತಾನೇ ಅಡ್ಜಸ್ಟ್ ಆಗುತ್ತೆ" ಎನ್ನುವವರ ವಾದಕ್ಕೆ ಬರೋಣ. ಬೆಂಡ್ ಪೈಪಿನಲ್ಲಿ ಕೂತಿರುವ ಆಕ್ಸಿಜನ್ ಸೆನ್ಸರ್ ಅವರ ಸಾಕ್ಷಿ. ಎಕ್ಸಾಸ್ಟ್‌ನಲ್ಲಿ ಆಮ್ಲಜನಕ ಉಳಿದಿದ್ದರೆ ಅದು ಸುಮಾರು 0.1 ವೋಲ್ಟ್ ತೋರಿಸುತ್ತದೆ, ಅಂದರೆ ಮಿಶ್ರಣ ಲೀನ್, ಪೆಟ್ರೋಲ್ ಕಡಿಮೆ. ಉಳಿದಿಲ್ಲದಿದ್ದರೆ 0.9ರ ಆಸುಪಾಸು, ಅಂದರೆ ರಿಚ್. 0.45 ಗಡಿ. ಎಷ್ಟು ಲೀನ್, ಎಷ್ಟು ರಿಚ್ ಎಂದು ಇದಕ್ಕೆ ಹೇಳಲು ಬರುವುದಿಲ್ಲ. ಗಡಿಯ ಯಾವ ಕಡೆ ಇದ್ದೀರಿ ಎಂದಷ್ಟೇ ಹೇಳುತ್ತದೆ. ಇಸಿಯು ಅದನ್ನು ನೋಡಿ ಪೆಟ್ರೋಲ್ ಸ್ವಲ್ಪ ಹೆಚ್ಚಿಸುತ್ತದೆ, ಗಡಿ ದಾಟಿದ ತಕ್ಷಣ ಸ್ವಲ್ಪ ಇಳಿಸುತ್ತದೆ, ಹೀಗೆ ಗಡಿಯ ಆಚೆ ಈಚೆ ತೂಗಾಡುತ್ತಾ 14.7ರಲ್ಲೇ ಇರುತ್ತದೆ. ಇದು ಕ್ಲೋಸ್ಡ್ ಲೂಪ್. ಒಂದೇ ಕಡೆಗೆ ಪದೇ ಪದೇ ತಿದ್ದಬೇಕಾಗಿ ಬಂದರೆ ಆ ತಿದ್ದುಪಡಿಯನ್ನು ನೆನಪಿಟ್ಟುಕೊಳ್ಳುತ್ತದೆ; ಅದಕ್ಕೆ ಫ್ಯುಯಲ್ ಟ್ರಿಮ್ ಎನ್ನುತ್ತಾರೆ. ಐಡ್ಲಿಂಗ್‌ನಲ್ಲಿ, ತುಮಕೂರು ರಸ್ತೆಯಲ್ಲಿ 80ರಲ್ಲಿ ಒಂದೇ ಸಮನೆ ಹೋಗುವಾಗ ನಡೆಯುವುದು ಇದೇ. ಅಲ್ಲಿ ಸ್ಲಿಪ್-ಆನ್‌ನ ವ್ಯತ್ಯಾಸವನ್ನು ಇಸಿಯು ತಾನಾಗಿಯೇ ಸರಿದೂಗಿಸುತ್ತದೆ, ರೀಮ್ಯಾಪ್‌ಗೆ ಕೆಲಸವಿಲ್ಲ.

ಓವರ್‌ಟೇಕ್ ಮಾಡಲು ರೇಸ್ ಕೊಟ್ಟಿರೋ, ಆಟ ಬದಲು. ಪೂರ್ಣ ಶಕ್ತಿಗೆ 14.7 ಸಾಲದು, 12.8, 13ರ ಸುತ್ತಮುತ್ತ ರಿಚ್ ಆಗಿದ್ದರೆ ಎಂಜಿನ್ ಚೆನ್ನಾಗಿ ಎಳೆಯುತ್ತದೆ, ತಂಪಾಗಿಯೂ ಇರುತ್ತದೆ. ಗಡಿ ಮಾತ್ರ ಗೊತ್ತಿರುವ ಸೆನ್ಸರ್ ಇಲ್ಲಿ ಪ್ರಯೋಜನಕ್ಕಿಲ್ಲ. ಆದ್ದರಿಂದ ಇಸಿಯು ಅದನ್ನು ಕೇಳುವುದನ್ನೇ ನಿಲ್ಲಿಸಿ ಕೋಷ್ಟಕವನ್ನು ನಂಬಿ ಓಡುತ್ತದೆ. ಇದು ಓಪನ್ ಲೂಪ್. ಬೆಳಗಿನ ಕೋಲ್ಡ್ ಸ್ಟಾರ್ಟ್‌ನಲ್ಲಿ, ಥ್ರಾಟಲನ್ನು ಫಟ್ ಎಂದು ತಿರುವಿದಾಗಲೂ ಹೀಗೇ. ಹೊಸ ಸೈಲೆನ್ಸರ್‌ನ ಸಮಸ್ಯೆ ಇರುವುದಾದರೆ ಈ ಜಾಗದಲ್ಲಿ.

ಅದು ಎಷ್ಟು ದೊಡ್ಡ ಸಮಸ್ಯೆ? ಕಂಪನಿ ಪೂರ್ತಿ ಥ್ರಾಟಲ್‌ಗೆ 12.8 ಇಟ್ಟಿದೆ ಎಂದುಕೊಳ್ಳಿ. ಸ್ಲಿಪ್-ಆನ್‌ನಿಂದ ಗಾಳಿ ಶೇ. 5 ಹೆಚ್ಚಿತು, ಪೆಟ್ರೋಲ್ ಅಷ್ಟೇ ಇದೆ. ಅನುಪಾತ 13.4 ಆಯಿತು. ಇನ್ನೂ ರಿಚ್ ಕಡೆಯಲ್ಲೇ ಇದೆ. ಯಾವ ಎಂಜಿನ್ನೂ ಇದಕ್ಕೆ ಸುಟ್ಟುಹೋಗುವುದಿಲ್ಲ. ನಿಜ ಹೇಳಬೇಕೆಂದರೆ ಕೆಲವು ಬೈಕುಗಳು ಕಂಪನಿಯಿಂದ ತುಸು ಜಾಸ್ತಿಯೇ ರಿಚ್ ಆಗಿ ಬರುವುದರಿಂದ ಇದರಲ್ಲೇ ಇನ್ನಷ್ಟು ಚುರುಕಾಗುವುದೂ ಉಂಟು. ಅದೇ ಫುಲ್ ಸಿಸ್ಟಮ್, ಓಪನ್ ಫಿಲ್ಟರ್ ಎಲ್ಲ ಸೇರಿ ಯಾವುದೋ ಒಂದು ಆರ್‌ಪಿಎಂನಲ್ಲಿ ಗಾಳಿ ಶೇ. 15 ಹೆಚ್ಚಿದರೆ ಅನುಪಾತ 14.7ಕ್ಕೆ ಹೋಗಿ ಕೂರುತ್ತದೆ. ಪೂರ್ತಿ ಥ್ರಾಟಲ್, ಪೂರ್ತಿ ಭಾರ, ಹಿಂದೆ ಒಬ್ಬರು ಕೂತು ಏರು ಹತ್ತುವಾಗ 14.7 ಎಂದರೆ ಎಕ್ಸಾಸ್ಟ್ ವಾಲ್ವ್ ಕಾಯುತ್ತದೆ, ಮಿಶ್ರಣ ಅಂಕೆ ತಪ್ಪಿ ಸಿಡಿಯುವ ನಾಕಿಂಗ್‌ಗೆ ದಾರಿಯಾಗುತ್ತದೆ. "ಸುಟ್ಟುಹೋಗುತ್ತೆ" ಎನ್ನುವವರ ಮಾತಿಗೆ ತೂಕ ಬರುವುದು ಇಲ್ಲಿಂದ ಮುಂದೆ.

ಇದರ ನಡುವೆ ಯಾರೂ ಲೆಕ್ಕಕ್ಕೆ ಹಿಡಿಯದ ಇನ್ನೊಂದು ಬದಲಾವಣೆ ಬಂಕಿನಲ್ಲಿ ಆಗಿದೆ. 2023ರ ಫೆಬ್ರುವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್‌ಗೆ ಚಾಲನೆ ಸಿಕ್ಕಿತು. ಎಥನಾಲ್‌ನ ಒಳಗೇ ಆಮ್ಲಜನಕ ಇರುವುದರಿಂದ ಅದಕ್ಕೆ ಬೇಕಾದ ಗಾಳಿ ಕಡಿಮೆ: ಒಂದು ಪಾಲಿಗೆ 9 ಪಾಲು ಸಾಕು. ಹೀಗಾಗಿ ಶೇ. 10 ಎಥನಾಲ್‌ನ ಇ10ಕ್ಕೆ ಸರಿಯಾದ ಅನುಪಾತ ಸುಮಾರು 14.1 ಆದರೆ ಇ20ಗೆ 13.5ರ ಆಸುಪಾಸು. ಇ10ಗೆ ಹೊಂದಿಸಿದ ಮ್ಯಾಪ್‌ನಲ್ಲಿ ಇ20 ಹಾಕಿ ಓಡಿಸಿದರೆ ಮಿಶ್ರಣ ಹತ್ತಿರ ಹತ್ತಿರ ಶೇ. 4 ಲೀನ್ ಆಗುತ್ತದೆ. ಒಂದು ಸ್ಲಿಪ್-ಆನ್ ಮಾಡುವಷ್ಟೇ ಬದಲಾವಣೆ, ಸದ್ದಿಲ್ಲದೆ. ಹಳೆಯ ಗಾಡಿಗೆ ಹೊಸ ಸೈಲೆನ್ಸರ್ ಹಾಕಿದವರು ಎರಡನ್ನೂ ಕೂಡಿಸಿಕೊಳ್ಳಬೇಕು. ಟ್ಯೂನರ್‌ಗಳು 14.7, 12.8 ಎಂಬ ಅಂಕಿ ಬಿಟ್ಟು ಲ್ಯಾಮ್ಡಾದಲ್ಲಿ ಮಾತಾಡುವುದೂ ಇದಕ್ಕೇ. ಯಾವ ಇಂಧನವಾದರೂ ಲ್ಯಾಮ್ಡಾ 1 ಎಂದರೆ ಸರಿಯಾದ ಮಿಶ್ರಣ, 0.88 ಎಂದರೆ ಅದಕ್ಕಿಂತ ಅಷ್ಟು ರಿಚ್. ಇಂಧನ ಬದಲಾದರೂ ಅಳತೆ ಕೈಕೊಡುವುದಿಲ್ಲ.

ಮ್ಯಾಪ್ ಮುಟ್ಟುವ ಮುಂಚೆ

ಟ್ಯೂನಿಂಗ್ ಬೇಕು ಎಂದು ಬರುವ ಗಾಡಿಗಳಲ್ಲಿ ಎಷ್ಟಕ್ಕೋ ಬೇಕಿರುವುದು ಹೊಸ ಗ್ಯಾಸ್ಕೆಟ್. ಬೆಂಡ್ ಪೈಪು ಎಂಜಿನ್‌ಗೆ ಕೂರುವ ಜಾಗದಲ್ಲಿ ಹಳೆಯ ಗ್ಯಾಸ್ಕೆಟನ್ನೇ ಮತ್ತೆ ಹಾಕಿರುತ್ತಾರೆ, ಇಲ್ಲವೇ ಮಫ್ಲರ್‌ನ ಕ್ಲ್ಯಾಂಪ್ ಸರಿಯಾಗಿ ಕಚ್ಚಿರುವುದಿಲ್ಲ. ಆ ಸಂದಿಯಿಂದ ಹೊಗೆ ಹೊರಗೆ ಬರುತ್ತದೆ ಎಂದಷ್ಟೇ ಜನ ತಿಳಿಯುತ್ತಾರೆ. ಎರಡು ಹೊಡೆತಗಳ ನಡುವೆ ಪೈಪಿನಲ್ಲಿ ಒತ್ತಡ ಇಳಿದಾಗ ಹೊರಗಿನ ಗಾಳಿ ಅದೇ ಸಂದಿಯಿಂದ ಒಳಗೂ ನುಗ್ಗುತ್ತದೆ. ಆ ಗಾಳಿಯ ಆಮ್ಲಜನಕ ಸೆನ್ಸರ್‌ಗೆ ಕಾಣುತ್ತದೆ. ಅದು "ಲೀನ್" ಎಂದು ಕೂಗುತ್ತದೆ, ಇಸಿಯು ನಂಬಿ ಪೆಟ್ರೋಲ್ ಸುರಿಯುತ್ತದೆ. ಒಳಗೆ ಎಂಜಿನ್ ರಿಚ್ ಆಗಿ ಓಡುತ್ತಿದ್ದರೂ ಸೆನ್ಸರ್ ಹೇಳುವುದು ಲೀನ್ ಎಂದೇ. ಮೈಲೇಜ್ ಬೀಳುತ್ತದೆ, ಪ್ಲಗ್ ಕಪ್ಪಾಗುತ್ತದೆ. ಇದರ ಮೇಲೆ ರೀಮ್ಯಾಪ್ ಮಾಡಿಸಿದರೆ ಸುಳ್ಳಿನ ಮೇಲೆ ಲೆಕ್ಕ ಕಟ್ಟಿದ ಹಾಗೆ.

ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಎಂಜಿನ್ ತಣ್ಣಗಿರುವಾಗ ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ, ಸ್ಟಾರ್ಟ್ ಮಾಡಿ, ಒದ್ದೆ ಬಟ್ಟೆಯಿಂದ ಸೈಲೆನ್ಸರ್‌ನ ಬಾಯಿಯನ್ನು ಒಂದೆರಡು ಕ್ಷಣ ಅರೆಮುಚ್ಚಿ. ಇಂಟರ್‌ಸೆಪ್ಟರ್‌ಗೆ ಎರಡು ಬಾಯಿ, ಒಬ್ಬರ ಸಹಾಯ ಬೇಕಾಗುತ್ತದೆ. ಸೋರುವ ಕಡೆ ಗುಳ್ಳೆ ಏಳುತ್ತದೆ, ಚಿಸ್ ಚಿಸ್ ಎಂಬ ಸದ್ದು ಕೇಳುತ್ತದೆ. ಎಂಜಿನ್ ಕಾಯುವ ಮುಂಚೆ ಮುಗಿಸಿ. ಬೆಂಡ್ ಪೈಪು ಒಂದೆರಡು ನಿಮಿಷದಲ್ಲಿ ಕೈ ಸುಡುವಷ್ಟಾಗುತ್ತದೆ.

ಇನ್ನೊಂದು, ಅಗ್ಗದ ಬೆಂಡ್ ಪೈಪುಗಳಲ್ಲಿ ಆಕ್ಸಿಜನ್ ಸೆನ್ಸರ್ ತಿರುಗಿಸಿ ಕೂರಿಸುವ ತೂತು (ಬಾಸ್) ಇರುವುದೇ ಇಲ್ಲ. ಫಿಟ್ಟರ್ ಸೆನ್ಸರನ್ನು ಬಿಚ್ಚಿ ಫ್ರೇಮ್‌ಗೆ ಕೇಬಲ್ ಟೈ ಹಾಕಿ ಕಟ್ಟಿಬಿಡುತ್ತಾನೆ. ಬರೀ ಗಾಳಿಯಲ್ಲಿ ನೇತಾಡುವ ಸೆನ್ಸರ್‌ಗೆ ಜಗತ್ತೆಲ್ಲ ಲೀನ್. ಇಸಿಯು ತನ್ನ ತಿದ್ದುಪಡಿಯ ಮಿತಿ ಮುಟ್ಟುವ ತನಕ ಪೆಟ್ರೋಲ್ ಹೆಚ್ಚಿಸಿ, ಕೊನೆಗೆ ಚೆಕ್ ಎಂಜಿನ್ ದೀಪ ಹಚ್ಚುತ್ತದೆ.

ಥ್ರಾಟಲ್ ಬಿಟ್ಟಾಗ ಪಟಪಟ ಪಟಾಕಿ ಹಾರಿದರೆ ಲೀನ್ ಆಗಿದೆ ಎಂದು ಹೆದರಿಸುವವರಿದ್ದಾರೆ. ಸೋರಿಕೆ ಇದ್ದರೂ ಹಾರುತ್ತದೆ. ಎಲ್ಲ ಸರಿಯಿದ್ದರೂ ಹಾರಬಹುದು. ಹೊಗೆ ಶುದ್ಧವಾಗಲೆಂದು ಎಕ್ಸಾಸ್ಟ್ ಪೋರ್ಟ್‌ಗೆ ಹೊಸ ಗಾಳಿ ಬಿಡುವ ವ್ಯವಸ್ಥೆ ಹಲವು ಬೈಕುಗಳಲ್ಲಿದೆ. ಥ್ರಾಟಲ್ ಮುಚ್ಚಿದಾಗ ಉರಿಯದೆ ಉಳಿದ ಪೆಟ್ರೋಲ್ ಆ ಗಾಳಿ ಸಿಕ್ಕಿ ಪೈಪಿನಲ್ಲೇ ಉರಿಯುತ್ತದೆ. ಕಂಪನಿ ಸೈಲೆನ್ಸರ್‌ನಲ್ಲೂ ಇದು ನಡೆಯುತ್ತಿತ್ತು, ಕೇಳುತ್ತಿರಲಿಲ್ಲ ಅಷ್ಟೆ.

ಮೂರು ದಾರಿ

ಇಷ್ಟಾದ ಮೇಲೂ ಪೆಟ್ರೋಲ್ ಲೆಕ್ಕ ತಿದ್ದಲೇಬೇಕಾದರೆ, ಎಲ್ಲಕ್ಕಿಂತ ಅಗ್ಗದ್ದು ಗಾಳಿಯ ಉಷ್ಣತೆ ಹೇಳುವ ಸೆನ್ಸರ್‌ನ ವೈರಿಗೆ ಸಿಕ್ಕಿಸುವ ಚಿಕ್ಕ ಡಬ್ಬಿ. ಗಾಳಿ ಇರುವುದಕ್ಕಿಂತ ತಣ್ಣಗಿದೆ ಎಂದು ಅದು ಇಸಿಯುಗೆ ಸುಳ್ಳು ಹೇಳುತ್ತದೆ. ತಣ್ಣನೆಯ ಗಾಳಿ ಸಾಂದ್ರ, ಆದ್ದರಿಂದ ಇಸಿಯು ಪೆಟ್ರೋಲ್ ಹೆಚ್ಚಿಸುತ್ತದೆ. ಬೇಕಾದ ಕಡೆಗೂ ಬೇಡದ ಕಡೆಗೂ ಒಂದೇ ಪ್ರಮಾಣದಲ್ಲಿ. ಬರೀ ಸ್ಲಿಪ್-ಆನ್ ಹಾಕಿದ್ದು, ಕೆಳ ಆರ್‌ಪಿಎಂನಲ್ಲಿ ಸ್ವಲ್ಪ ಜರ್ಕ್ ಇದೆ ಎಂದರೆ ಇದರಿಂದ ಹಿತವೆನಿಸಬಹುದು. ಟ್ಯೂನಿಂಗ್ ಎಂದು ಕರೆಯಲು ನನಗೆ ಮನಸ್ಸು ಬಾರದು.

ಎರಡನೆಯದು ಪಿಗ್ಗಿಬ್ಯಾಕ್. ಅಮೆರಿಕದ ಡೈನೋಜೆಟ್ ಕಂಪನಿಯ ಪವರ್ ಕಮಾಂಡರ್, ಬೆಂಗಳೂರಿನದೇ ಆದ ರೇಸ್ ಡೈನಮಿಕ್ಸ್‌ನ ಪವರ್‌ಟ್ರಾನಿಕ್ ಈ ಜಾತಿಯವು. ಇಸಿಯು ಮತ್ತು ಇಂಜೆಕ್ಟರ್ ನಡುವೆ ಕೂತು, ಇಸಿಯು ಹೇಳಿದ್ದಕ್ಕೆ ಇಷ್ಟು ಶೇಕಡಾ ಸೇರಿಸು, ಇಷ್ಟು ಕಳೆ ಎಂದು ತಿದ್ದುತ್ತವೆ. ಪವರ್‌ಟ್ರಾನಿಕ್‌ನಲ್ಲಿ ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಹೊತ್ತು) ಕೂಡ ತಿದ್ದಬಹುದು. ಎತ್ತರಕ್ಕೆ ಹೋದಾಗ ಮಾಡಬೇಕಾದ ಹೊಂದಾಣಿಕೆ ಮೂಲ ಇಸಿಯುವಿನದೇ ಆಗಿರುವುದರಿಂದ 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಮಾಡಿಸಿದ ಟ್ಯೂನ್ ಮಂಗಳೂರಿಗೆ ಇಳಿದರೂ, 1,930 ಮೀಟರಿನ ಮುಳ್ಳಯ್ಯನಗಿರಿ ಹತ್ತಿದರೂ ಕೆಡುವುದಿಲ್ಲ. ಬೇಡವೆಂದಾಗ ಕಳಚಿಡಬಹುದು.

ಇದರಲ್ಲಿ ಒಂದು ಸಿಕ್ಕು ಇದೆ. ಕ್ಲೋಸ್ಡ್ ಲೂಪ್ ಪ್ರದೇಶದಲ್ಲಿ ನೀವು ಶೇ. 6 ಸೇರಿಸಿದಿರಿ ಎನ್ನಿ. ಸೆನ್ಸರ್ ರಿಚ್ ಎನ್ನುತ್ತದೆ, ಇಸಿಯು ಶೇ. 6 ಕಳೆಯುತ್ತದೆ. ನಿಮ್ಮ ದುಡ್ಡು ನೀರಿಗೆ ಹಾಕಿದಂತೆ. ಅಷ್ಟಕ್ಕೇ ನಿಲ್ಲದೆ, ಕೆಲವು ಇಸಿಯುಗಳು ಆ ಕಲಿತ ಕಳೆಯುವಿಕೆಯನ್ನು ಓಪನ್ ಲೂಪ್‌ಗೂ ಒಯ್ಯುತ್ತವೆ. ರಿಚ್ ಬೇಕಿದ್ದ ಜಾಗ ಲೀನ್ ಆಗುತ್ತದೆ. ಬಲ್ಲ ಟ್ಯೂನರ್ ಕೋಷ್ಟಕದಲ್ಲಿ ಕ್ಲೋಸ್ಡ್ ಲೂಪ್ ಪ್ರದೇಶದ ಕೋಣೆಗಳನ್ನು (ಒಂದೊಂದು ಅಂಕಿಯ ಜಾಗಗಳನ್ನು) ಸೊನ್ನೆಯಲ್ಲೇ ಬಿಡುತ್ತಾನೆ, ಅಥವಾ ಸೆನ್ಸರ್ ಸಿಗ್ನಲನ್ನೂ ತಿದ್ದುವ ಮಾಡ್ಯೂಲ್ ಹಾಕುತ್ತಾನೆ.

ಮೂರನೆಯದು ಇಸಿಯು ಫ್ಲ್ಯಾಶ್: ಮೂಲ ಕೋಷ್ಟಕವನ್ನೇ ಬದಲಿಸುವುದು. ಅತ್ಯಂತ ಸ್ವಚ್ಛವಾದ ದಾರಿ, ಮಾಡುವವರು ಬಲ್ಲವರಾಗಿದ್ದರೆ. ಶೋರೂಂನಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೆ ನಿಮ್ಮ ಮ್ಯಾಪ್ ಅಳಿಸಿಹೋಗಬಹುದು, ವಾರಂಟಿಗೂ ತೊಡಕು.

ಒಂದು ಕೋಣೆ ತುಂಬುವುದು ಹೀಗೆ

ಬೈಕ್ ಡೈನೋ (ಚಕ್ರದ ಪವರ್ ಅಳೆಯುವ ಯಂತ್ರ) ಮೇಲೆ ಕಟ್ಟಿದೆ, ಎಂಜಿನ್ ಪೂರ್ತಿ ಕಾದಿದೆ. ಎಕ್ಸಾಸ್ಟ್‌ನಲ್ಲಿ ಈಗ ವೈಡ್‌ಬ್ಯಾಂಡ್ ಸೆನ್ಸರ್ ಇದೆ. ಇದು ಗಡಿಯ ಆಚೆ ಈಚೆ ಎಷ್ಟು ದೂರ ಎಂದೂ ಹೇಳಬಲ್ಲದು. ಅದನ್ನು ಬೆಂಡ್ ಪೈಪಿಗೇ ಕೂರಿಸಬೇಕು. ಸೈಲೆನ್ಸರ್‌ನ ಬಾಯಿಗೆ ತೂರಿಸಿದರೆ ಗಿಡ್ಡ ಪೈಪುಗಳಲ್ಲಿ ಕೆಳ ಆರ್‌ಪಿಎಂನಲ್ಲಿ ಹೊರಗಿನ ಗಾಳಿ ಬೆರೆತು ಸುಳ್ಳು ಲೀನ್ ತೋರಿಸುತ್ತದೆ, ಕ್ಯಾಟ್‌ಕಾನ್ ಇದ್ದರೆ ಅದೂ ಅಳತೆ ಕೆಡಿಸುತ್ತದೆ.

ಟ್ಯೂನರ್ 60 ಶೇಕಡಾ ಥ್ರಾಟಲ್ ಹಿಡಿದಿದ್ದಾನೆ, ಡೈನೋದ ಬ್ರೇಕ್ ಎಂಜಿನ್ನನ್ನು 5,000ದಲ್ಲಿ ಕದಲದಂತೆ ನಿಲ್ಲಿಸಿದೆ. ಲ್ಯಾಮ್ಡಾ 0.95 ತೋರಿಸುತ್ತಿದೆ. ಬೇಕಿರುವುದು 0.88. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 1.08. ಅಂದರೆ ಆ ಕೋಣೆಗೆ ಪೆಟ್ರೋಲ್ ಶೇ. 8 ಹೆಚ್ಚಬೇಕು. ಒಂದು ಸೂಕ್ಷ್ಮ: ಇಂಜೆಕ್ಟರ್‌ಗೆ ಕರೆಂಟ್ ಕೊಟ್ಟ ಕೂಡಲೇ ಅದು ತೆರೆಯುವುದಿಲ್ಲ, ಸುಮಾರು 1 ಮಿಲಿಸೆಕೆಂಡ್ ಸುಮ್ಮನೆ ಹೋಗುತ್ತದೆ. ಒಟ್ಟು 6 ಮಿಲಿಸೆಕೆಂಡ್ ಇದ್ದರೆ ಪೆಟ್ರೋಲ್ ಹರಿದದ್ದು 5 ಮಾತ್ರ. ಆ 5ಕ್ಕೆ ಶೇ. 8 ಸೇರಿಸಿದರೆ 5.4, ಒಟ್ಟು 6.4. ಒಟ್ಟು ಸಮಯದ ಲೆಕ್ಕದಲ್ಲಿ ಏರಿದ್ದು ಶೇ. 6.7 ಅಷ್ಟೆ. ಇದನ್ನು ಮರೆತು ಆರಕ್ಕೇ ಶೇ. 8 ಸೇರಿಸಿದವರ ಮ್ಯಾಪ್, ಇಂಜೆಕ್ಟರ್ ತೆರೆದಿರುವ ಹೊತ್ತು ತೀರಾ ಚಿಕ್ಕದಿರುವ ಕೆಳ ಥ್ರಾಟಲ್‌ನಲ್ಲಿ ಬೇಕಾದ್ದಕ್ಕಿಂತ ರಿಚ್ ಆಗಿ ಬಿಡುತ್ತದೆ.

ಹೀಗೆ ಒಂದೊಂದೇ ಕೋಣೆ. ಅಕ್ಕಪಕ್ಕದ ಕೋಣೆಗಳಲ್ಲಿ +8, -3, +11 ಎಂದು ಅಂಕಿಗಳು ಕುಣಿಯುತ್ತಿದ್ದರೆ ಅಳತೆ ತಪ್ಪಿದೆ ಎಂದೇ ತಿಳಿಯಬೇಕು. ಗಾಳಿ ಹಾಗೆ ಕುಣಿಯುವುದಿಲ್ಲ. ಬ್ರೇಕ್ ಇಲ್ಲದ, ರೋಲರ್‌ನ ತೂಕವನ್ನೇ ನಂಬಿದ ಡೈನೋದಲ್ಲಿ ಪೂರ್ತಿ ಥ್ರಾಟಲ್‌ನ ಒಂದು ಸಾಲು ಮಾತ್ರ ಸರಿಯಾಗಿ ತುಂಬಬಹುದು. ಊರಲ್ಲಿ ನಾವು ಓಡಿಸುವುದೆಲ್ಲ ಅರ್ಧ ಥ್ರಾಟಲ್‌ನ ಒಳಗೇ ಆದ್ದರಿಂದ ಅಂಥ ಟ್ಯೂನ್ ಪ್ರಿಂಟ್‌ಔಟ್‌ನಲ್ಲಿ ಚಂದ, ರಸ್ತೆಯಲ್ಲಿ ಮೊದಲಿನಂತೆಯೇ.

ಪ್ರಿಂಟ್‌ಔಟ್ ಎಂದಾಗ ನೆನಪಾಯಿತು: ಕಂಪನಿ ಹೇಳುವ 47 ಬಿಎಚ್‌ಪಿ ಕ್ರ್ಯಾಂಕ್‌ನದು. ಹಿಂದಿನ ಚಕ್ರದಲ್ಲಿ ಅಳೆದರೆ ಚೈನು, ಗೇರುಗಳಲ್ಲಿ ಹೋದದ್ದು ಕಳೆದು ಐದಾರು ಕಡಿಮೆಯೇ ಬರುತ್ತದೆ. ಹೋಲಿಸಬೇಕಾದ್ದು ಅದೇ ಡೈನೋದಲ್ಲಿ, ಅದೇ ದಿನ, ಟ್ಯೂನ್‌ಗೆ ಮುಂಚೆ ಎಷ್ಟಿತ್ತು ಎಂಬುದನ್ನು. ಬರೀ ಸ್ಲಿಪ್-ಆನ್ ಹಾಕಿದವರಿಗೆ ಗರಿಷ್ಠ ಪವರ್‌ನಲ್ಲಿ ಕಾಣುವ ಏರಿಕೆ ಅದೇ ಗಾಡಿಯ ಎರಡು ರನ್‌ಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದಿರುವುದಿಲ್ಲ. ಸಿಗುವ ನಿಜವಾದ ಲಾಭ ಮಧ್ಯದ ಆರ್‌ಪಿಎಂಗಳಲ್ಲಿ, ಥ್ರಾಟಲ್ ತೆರೆದ ಕ್ಷಣದ ನಯದಲ್ಲಿ.

ಕಾನೂನಿನ ಮಾತು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. 175 ಸಿಸಿ ಮೀರಿದ ಬೈಕ್‌ಗೆ ತಯಾರಿಕೆಯ ಹಂತದಲ್ಲಿ ಶಬ್ದದ ಮಿತಿ 80 ಡೆಸಿಬೆಲ್. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಗಾಡಿಯ ಮಾರ್ಪಾಡಿಗೆ ಕಡಿವಾಣ ಹಾಕುತ್ತದೆ. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ 190(2)ರಡಿ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ ಬೀಳಬಹುದು, ಲೈಸೆನ್ಸ್ ಮೂರು ತಿಂಗಳು ಹೋಗಬಹುದು. ನಮ್ಮ ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ವಶಪಡಿಸಿಕೊಂಡ ಸೈಲೆನ್ಸರ್‌ಗಳನ್ನು ರಸ್ತೆಯಲ್ಲಿ ಸಾಲಾಗಿ ಮಲಗಿಸಿ ರೋಡ್ ರೋಲರ್ ಹರಿಸಿದ್ದಾರೆ. ಟ್ಯೂನ್ ಎಷ್ಟೇ ಚೆನ್ನಾಗಿದ್ದರೂ ರೋಲರ್‌ಗೆ ಗೊತ್ತಾಗುವುದಿಲ್ಲ. ಸದ್ದು ತಗ್ಗಿಸಲು ಸೈಲೆನ್ಸರ್ ಬಾಯಿಗೆ ಹಾಕುವ ಡಿಬಿ ಕಿಲ್ಲರ್ ಹಾಕಿಕೊಂಡೇ ಓಡಿಸುವವರಾದರೆ ಟ್ಯೂನ್ ಮಾಡಿಸುವಾಗಲೂ ಅದು ಒಳಗೇ ಇರಲಿ. ಆಮೇಲೆ ಹಾಕಿದರೆ ಗಾಳಿಯ ಲೆಕ್ಕ ಮತ್ತೆ ಬದಲಾಗುತ್ತದೆ.

ಟ್ಯೂನರ್ ಬಳಿ ಹೋದಾಗ ಪವರ್ ಗೆರೆಯ ಜೊತೆ ಲ್ಯಾಮ್ಡಾ ಗೆರೆಯೂ ಇರುವ ಶೀಟ್ ಕೇಳಿ. ಕಂಪನಿಯ ಮೂಲ ಮ್ಯಾಪ್‌ನ ಪ್ರತಿಯನ್ನೂ ಈಗಿನದನ್ನೂ ಫೈಲ್ ರೂಪದಲ್ಲಿ ಪಡೆದುಕೊಳ್ಳಿ. ಮುಂದೆ ಏರ್ ಫಿಲ್ಟರ್ ಬದಲಿಸಿದಾಗ, ಅಥವಾ ಗಾಡಿ ಮಾರುವಾಗ ಅಟ್ಟದ ಸೈಲೆನ್ಸರ್ ಮತ್ತೆ ಹಾಕಬೇಕಾಗಿ ಬಂದಾಗ ಬೇಕಾಗುವುದು ಅವೇ ಎರಡು ಫೈಲುಗಳು.